ಕಾಜಾ ಮೇಡಂ ಕೊಟ್ಟ ಉತ್ತರ

ಹೊಸ ಕಟಿಂಗ್ ಮಾಸ್ಟರು ಕೆಲಸಕ್ಕೆ ಸೇರಿದ ದಿನವೇ ಅವಳು ಅವರ ಕೈಯಿಂದ ಸೂಜಿ ಕಿತ್ತುಕೊಂಡಳು.

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಸೂಜಿ ಎಂದರೆ ಎಲ್ಲರ ಸ್ವತ್ತು. ಯಾರ ಮೇಜಿನಿಂದ ಯಾರು ಬೇಕಾದರೂ ಎತ್ತಿಕೊಳ್ಳುತ್ತಿದ್ದರು, ಇನ್ನೆಲ್ಲೋ ಚುಚ್ಚಿಡುತ್ತಿದ್ದರು. ಕಿಟಕಿಯ ಪಕ್ಕ ಕೂತು ಗುಂಡಿ ತೂರಿಸುವ ಕಾಜಾ ಹೊಲಿಯುವುದು, ಗುಂಡಿ ಕೂರಿಸುವುದು, ಅಂಚು ಮಡಿಚುವುದು ಅವಳ ಕೆಲಸ. ಅವಳ ಸೂಜಿಗಳು ಮಾತ್ರ ಅವಳದೇ ನೀಲಿ ದಿಂಬಿನಲ್ಲಿ ಇರುತ್ತಿದ್ದವು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಹಳಬರಿಗೆ ಗೊತ್ತಿದ್ದ ಈ ಸಂಗತಿಯನ್ನು ಹೊಸಬರಿಗೆ ಯಾರೂ ಹೇಳಿರಲಿಲ್ಲ.

"ಅದು ನನ್ನದು," ಎಂದಳು ಅವಳು. ಮುಖ ಬಿಳಿಚಿಕೊಂಡಿತ್ತು.

ಮಾಸ್ಟರು ಬರಿದಾದ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. "ಗೊತ್ತಾಯ್ತು ಮೇಡಂ. ಪುಣ್ಯಕ್ಕೆ ಬೆರಳು ಬಿಟ್ಟಿದ್ದೀರಿ."

ಮರುದಿನ ಬೆಳಿಗ್ಗೆ ಅವಳ ಮೇಜಿನ ಮೇಲೆ ಸೂಜಿಗಳ ಹೊಸ ಪೊಟ್ಟಣವೊಂದಿತ್ತು. ತಲೆಯೆತ್ತಿ ನೋಡಿದರೆ ಮಾಸ್ಟರು ಬಟ್ಟೆಯ ಮೇಲೆ ಗೆರೆ ಎಳೆಯುವುದರಲ್ಲಿ ಮುಳುಗಿಹೋದವರಂತೆ ನಿಂತಿದ್ದರು.

"ಇದೇನು?"

"ದಂಡ," ಎಂದರು, ಗೆರೆಯಿಂದ ಕಣ್ಣು ತೆಗೆಯದೆ.

ಅಂಗಡಿಯ ಯಜಮಾನಮ್ಮ ಕೌಂಟರಿನಲ್ಲೇ ಕಿಸಕ್ಕೆಂದರು. ಅವತ್ತಿನಿಂದ ಅವಳು 'ಕಾಜಾ ಮೇಡಂ' ಆದಳು. ಸೂಜಿಯ ವಿಷಯದಲ್ಲಿ ಮಹಾ ಜಿಪುಣಿ ಎಂದೂ ಹೆಸರಾಯಿತು. ಅವಳು ಅದನ್ನು ತಿದ್ದಲು ಹೋಗಲಿಲ್ಲ. ನಿಜ ಹೇಳುವುದಕ್ಕಿಂತ ಜಿಪುಣಿ ಅನ್ನಿಸಿಕೊಳ್ಳುವುದು ಹಗುರವಾಗಿತ್ತು.

ನಿಜ ಇಷ್ಟೇ. ಹರೆಯದಲ್ಲಿ ಅಪಘಾತವೊಂದಾಗಿ ಅವಳಿಗೆ ರಕ್ತ ಕೊಟ್ಟಿದ್ದರು. ಆ ರಕ್ತದ ಜೊತೆ ಬಂದ ಹೆಪಟೈಟಿಸ್ ಸಿ ಎಷ್ಟೋ ವರ್ಷ ಲಿವರಿನಲ್ಲಿ ಸದ್ದಿಲ್ಲದೆ ಕೂತಿತ್ತು. ಎಷ್ಟು ಮಲಗಿದರೂ ತೀರದ ಸುಸ್ತು ಎಂದು ಆಸ್ಪತ್ರೆಗೆ ಹೋದಾಗಲೇ ಅದು ಗೊತ್ತಾದದ್ದು. ಮೂರು ತಿಂಗಳು ಮಾತ್ರೆ ನುಂಗಿದಳು. ಆಮೇಲೆ ಪರೀಕ್ಷೆ ಮಾಡಿದಾಗ ವೈರಸ್ಸಿನ ಸುಳಿವೇ ಇರಲಿಲ್ಲ. "ಗುಣವಾಯ್ತು, ಇನ್ನು ಎಲ್ಲರ ಹಾಗೆ ಇರಿ," ಎಂದಿದ್ದರು ಡಾಕ್ಟರು.

ಮೈ ಆ ಮಾತನ್ನು ಕೇಳಿತು. ಹಸಿವು ಮರಳಿತು, ಮಧ್ಯಾಹ್ನದ ಹೊತ್ತಿಗೆ ಕೈ ಸೋಲುವುದು ನಿಂತಿತು, ಮೆಟ್ಟಿಲು ಹತ್ತುವಾಗ ಹಾಡು ಗುನುಗುವಷ್ಟು ಉಸಿರು ಉಳಿಯತೊಡಗಿತು. ಬೆರಳುಗಳು ಮಾತ್ರ ಕೇಳಲಿಲ್ಲ. ಸೂಜಿ ಚುಚ್ಚಿ ಒಂದು ಹನಿ ರಕ್ತ ಬಂದರೂ ಬಟ್ಟೆ ಅಲ್ಲೇ ಬಿಟ್ಟು ಕೈ ತೊಳೆಯಲು ಒಳಗೆ ಓಡುತ್ತಿದ್ದಳು.

ಮಾಸ್ಟರಿಗೆ ಐವತ್ತರ ಮೇಲೆ ವಯಸ್ಸು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಂದು ಗಜ ದೂರದ ಗೆರೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವರಿಗೆ ಕಾಣುತ್ತಿತ್ತು, ಕೈಯಲ್ಲಿರುವ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ತಮ್ಮ ಸೂಜಿ, ದಾರ ಹಿಡಿದು ಅವಳ ಮೇಜಿನೆದುರು ನಿಲ್ಲುತ್ತಿದ್ದರು.

"ಭಿಕ್ಷೆ ತಾಯಿ."

"ಕನ್ನಡಕ ಬದಲಾಯಿಸಿ ಅಂದ್ರೆ ಕೇಳಲ್ಲ ನೀವು."

"ಬದಲಾಯಿಸಿದ್ರೆ ಇಲ್ಲಿಗೆ ಬರೋಕೆ ನೆಪ ಏನಿರುತ್ತೆ?"

ಹೇಳಿದ ಮೇಲೆ ಅವರೇ ನಾಚಿಕೊಂಡು ಅಳತೆಪಟ್ಟಿಯನ್ನು ಕೊರಳಲ್ಲಿ ಸರಿಮಾಡಿಕೊಂಡರು. ಅವಳು ತಲೆ ತಗ್ಗಿಸಿ ದಾರದ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದಳು. ಆ ಅಂಗಡಿಯಲ್ಲಿ ಎಲ್ಲರೂ ದಾರವನ್ನು ತುಟಿಗಿಟ್ಟು ಒದ್ದೆ ಮಾಡಿ ಪೋಣಿಸುತ್ತಿದ್ದರು. ಅವಳು ಹಾಗೆ ಮಾಡುವುದಿಲ್ಲ ಎನ್ನುವುದನ್ನು ಅವರು ಗಮನಿಸಿದ್ದರು. ಗಮನಿಸಿಯೂ ಯಾಕೆ ಎಂದು ಕೇಳಿರಲಿಲ್ಲ. ಕೇಳದೆ ಇರುವುದೂ ಒಂದು ಒಳ್ಳೆಯತನ ಎಂದು ಅವಳಿಗೆ ಅನ್ನಿಸಿತ್ತು.

ಮಧ್ಯಾಹ್ನ ಬಿಸಿಲು ಅವಳ ಕಣ್ಣಿಗೆ ಬೀಳುವ ಹೊತ್ತಿಗೆ ಸರಿಯಾಗಿ ಅವರು ಎದ್ದು ಪರದೆಯನ್ನು ಅರ್ಧ ಎಳೆದು ಬರುತ್ತಿದ್ದರು. ಒಮ್ಮೊಮ್ಮೆ ಕನ್ನಡಕದ ಮೇಲಿಂದ ಅವಳತ್ತ ನೋಡುವರು. ಅವಳ ಕಣ್ಣಿಗೆ ಸಿಕ್ಕಿಬಿದ್ದರೆ ಗೋಡೆಯ ಗಡಿಯಾರ ನೋಡುತ್ತಿದ್ದೆ ಎಂಬಂತೆ ಕತ್ತು ತಿರುಗಿಸುವರು. ಗಡಿಯಾರ ಇದ್ದದ್ದು ಆಚೆ ಗೋಡೆಯಲ್ಲಿ.

"ಯಾರ ಕೋಟಿನ ಬಗ್ಗೆ ಯೋಚನೆ ಮಾಡ್ತಾ ನಗ್ತಿದ್ದೀಯೇ?" ಎಂದು ಮನೆಯಲ್ಲಿ ಅತ್ತಿಗೆ ಕೇಳಿದರು. ಕಾಯಿಲೆ ಗೊತ್ತಾದ ಹೊಸತರಲ್ಲಿ ಹೆದರಿ ಅವಳ ಟವೆಲ್ಲು ಬೇರೆ ಇಟ್ಟಿದ್ದ ಅತ್ತಿಗೆ, ಆಮೇಲೆ ಮಾತ್ರೆಯ ಹೊತ್ತಿಗೆ ಒಂದು ದಿನವೂ ತಪ್ಪದೆ ಅಂಗಡಿಗೆ ಫೋನ್ ಮಾಡಿ ನೆನಪಿಸಿದವರು.

"ಗಿರಾಕಿದು ಅತ್ತಿಗೆ."

"ಗಿರಾಕಿ ನೋಡೋಕೆ ಹೇಗಿದ್ದಾರೆ?"

ಅವಳು ನೀರು ಕುಡಿಯುವ ನೆವದಲ್ಲಿ ಎದ್ದುಹೋದಳು.

ಯಜಮಾನಮ್ಮ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಮಾಸ್ಟರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟರು.

"ಒಂದು ಮಾತು ಕೇಳ್ಲಾ?"

"ಕೇಳಿ."

"ನನ್ನನ್ನ ಮದುವೆ ಆಗ್ತೀರಾ ಅಂತ." ಕೈಗೆ ಹತ್ತಿದ ಪುಡಿಯನ್ನು ಒರೆಸಿಕೊಂಡೇ ಇದ್ದರು. "ಬೇಡ ಅಂದ್ರೂ ನನಗೆ ಬೇಜಾರಿಲ್ಲ. ಇರುತ್ತೆ ಸ್ವಲ್ಪ. ಆದ್ರೆ ನಾಳೆನೂ ದಾರ ಪೋಣಿಸಿ ಕೊಡ್ಬೇಕು."

ಅವಳಿಗೆ ಹೌದು ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. "ಎರಡು ದಿನ ಕೊಡಿ," ಎಂದಳು.

ಅವಳ ಲೆಕ್ಕಾಚಾರ ಬೇರೆಯಿತ್ತು. ಬರಿಗೈಯಲ್ಲಿ ಹೋಗಿ 'ನನಗೆ ಇಂಥ ಕಾಯಿಲೆ ಇತ್ತು' ಎನ್ನುವುದು ಹೇಗೆ? ಹೊಸದಾಗಿ ಒಂದು ಪರೀಕ್ಷೆ ಮಾಡಿಸಿ, 'ನೋಡಿ, ಈಗ ಏನೂ ಇಲ್ಲ' ಎಂದು ತೋರಿಸಿದರೆ ಹೇಳುವುದು ಸುಲಭ. ಆಸ್ಪತ್ರೆಯವರೆಗೂ ಹೋಗುವ ತಾಳ್ಮೆ ಇರಲಿಲ್ಲ. ಮನೆಯ ದಾರಿಯಲ್ಲಿದ್ದ ಲ್ಯಾಬಿಗೆ ಹೋಗಿ "ಹೆಪಟೈಟಿಸ್ ಸಿ ಟೆಸ್ಟ್" ಎಂದು ಕೈ ಚಾಚಿದಳು.

ಮರುದಿನ ರಿಪೋರ್ಟು ಪಾಸಿಟಿವ್ ಎಂದು ಬಂತು.

ಲ್ಯಾಬಿನ ಎದುರಿನ ಫುಟ್‌ಪಾತಿನಲ್ಲಿ ಅವಳು ಬಹಳ ಹೊತ್ತು ನಿಂತಿದ್ದಳು. ಯಾರೋ ಹುಡುಗಿ "ಆಂಟಿ, ಕೂತ್ಕೊಳ್ತೀರಾ?" ಎಂದು ತನ್ನ ಸೈಕಲ್ಲನ್ನು ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು. ಹೋಗಿತ್ತು ಎಂದುಕೊಂಡದ್ದು ಮತ್ತೆ ಬಂದಿತ್ತು. ಮಾತ್ರೆಗಿಂತ, ಸುಸ್ತಿಗಿಂತ, ಮಾಸ್ಟರಿಗೆ ಕೊಡಬೇಕಾದ ಉತ್ತರವೇ ಅವಳಿಗೆ ಭಾರವಾಯಿತು.

ಮರುದಿನ ಬೆಳಿಗ್ಗೆ ಅವರು ಸೂಜಿ ಹಿಡಿದು ಬರುವ ಮೊದಲೇ ಅವಳೇ ಎದ್ದು ಅವರ ಮೇಜಿಗೆ ಹೋದಳು. ನಿಂತೇ ಎಲ್ಲ ಹೇಳಿದಳು. ಅಪಘಾತ, ರಕ್ತ, ಲಿವರು, ಮಾತ್ರೆ, ನಿನ್ನೆಯ ರಿಪೋರ್ಟು.

"ಆ ದಿನ ಸೂಜಿ ಕಿತ್ಕೊಂಡಿದ್ದು ಅದಕ್ಕೇ. ಈಗ ಮತ್ತೆ ಬಂದಿದೆ. ಉತ್ತರ ನಿಮಗೇ ಗೊತ್ತಾಯ್ತಲ್ಲ."

"ಏನು ಗೊತ್ತಾಯ್ತು? ನೀವು ಹೇಳಿದ್ದು ಕಾಯಿಲೆ ವಿಷಯ. ನಾನು ಕೇಳಿದ್ದು ಬೇರೆ." ಮಾಸ್ಟರು ಅಳತೆಪಟ್ಟಿಯನ್ನು ಕೊರಳಿಂದ ತೆಗೆದು ಸುತ್ತಿ ಮೇಜಿನ ಮೇಲಿಟ್ಟರು. "ನಿಮ್ಮ ಡಾಕ್ಟ್ರು ಎಷ್ಟು ಹೊತ್ತಿಗೆ ಸಿಗ್ತಾರೆ?"

"ಕೆಲಸ ಇದೆ."

"ಯಜಮಾನಮ್ಮ," ಎಂದು ಅವರು ಕೌಂಟರಿನ ಕಡೆ ತಿರುಗಿದರು, "ಇಬ್ಬರಿಗೂ ಇವತ್ತು ರಜೆ ಬೇಕು."

ಯಜಮಾನಮ್ಮ ಇಬ್ಬರ ಮುಖವನ್ನೂ ನೋಡಿದರು. "ಹೋಗಿ ಬನ್ನಿ. ಕೋಟು ಎಲ್ಲೂ ಓಡಿಹೋಗಲ್ಲ," ಎಂದಷ್ಟೇ ಹೇಳಿದರು.

ಡಾಕ್ಟರು ರಿಪೋರ್ಟು ನೋಡಿ ಕನ್ನಡಕ ಮೇಲೇರಿಸಿದರು. "ಈ ಟೆಸ್ಟ್ ಮಾಡಿಸೋಕೆ ಯಾರು ಹೇಳಿದ್ದು?"

"ಯಾರೂ ಇಲ್ಲ ಡಾಕ್ಟ್ರೇ. ನಾನೇ."

"ಅದೇ ಎಡವಟ್ಟು. ಇದು ವೈರಸ್ ಹುಡುಕೋ ಟೆಸ್ಟ್ ಅಲ್ಲಮ್ಮ. ನಿಮ್ಮ ಮೈ ಯಾವತ್ತಾದ್ರೂ ಅದರ ಜೊತೆ ಗುದ್ದಾಡಿದೆಯಾ ಅಂತ ಕೇಳೋ ಟೆಸ್ಟ್. ಗುದ್ದಾಡಿದ್ದು ನಿಜ ತಾನೆ? ಬಾಡಿಗೆಯವರು ಖಾಲಿ ಮಾಡಿ ಹೋದ ಮೇಲೂ ಗೋಡೆಯಲ್ಲಿ ಮೊಳೆ ತೂತು ಉಳಿಯಲ್ವಾ, ಹಾಗೆ. ಗುಣ ಆದವರಿಗೂ ಇದು ಪಾಸಿಟಿವ್ ಅಂತಲೇ ಬರುತ್ತೆ. ವೈರಸ್ ಇದೆಯಾ ಅಂತ ನೋಡೋ ಟೆಸ್ಟೇ ಬೇರೆ. ನಿಮ್ಮ ಸಮಾಧಾನಕ್ಕೆ ಅದನ್ನೂ ಮಾಡೋಣ. ಸಂಜೆಯೊಳಗೆ ಗೊತ್ತಾಗುತ್ತೆ."

ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರೇ, ಒಂದೇ ಲೋಟದಲ್ಲಿ ಕುಡಿಯೋದು, ಜೊತೆಗೆ ಊಟ..."

"ಲೋಟದಿಂದ ಅದು ಅವತ್ತೂ ಹರಡ್ತಿರಲಿಲ್ಲ. ಅದು ಹರಡೋದು ರಕ್ತದಿಂದ. ರೇಜರು ಮಾತ್ರ ಒಬ್ಬೊಬ್ಬರದು ಬೇರೆ ಇರಲಿ. ಅದು ಯಾರ ಮನೆಯಲ್ಲಾದ್ರೂ ಒಳ್ಳೇದೇ." ಡಾಕ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಯಾರು?"

"ಇನ್ನೂ ಗೊತ್ತಾಗಿಲ್ಲ," ಎಂದರು ಮಾಸ್ಟರು, ಅವಳತ್ತ ಕೈ ತೋರಿಸಿ. "ಇವರು ಹೇಳ್ಬೇಕು."

ರಕ್ತ ಕೊಟ್ಟು ಇಬ್ಬರೂ ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ಕೂತರು. ಕಿಟಕಿಯ ಬಿಸಿಲು ನೆಲದ ಮೇಲೆ ನಿಧಾನವಾಗಿ ಜರುಗುತ್ತಿತ್ತು. ಡಾಕ್ಟರು ಅಷ್ಟು ಹೇಳಿದ ಮೇಲೂ ಅವಳ ಕಣ್ಣು ಲ್ಯಾಬಿನ ಬಾಗಿಲ ಮೇಲೇ ಇತ್ತು.

"ಇದು ಬರಲಿ," ಎಂದಳು. "ಏನೂ ಇಲ್ಲ ಅಂತ ಬಂದ್ರೆ ಹೇಳ್ತೀನಿ."

"ಇದೆ ಅಂತ ಬಂದ್ರೆ?"

ಅವಳು ತೋಳಿನ ಮೇಲಿನ ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

"ನನಗೆ ಬಿಪಿ ಇದೆ," ಎಂದರು ಮಾಸ್ಟರು. "ಎಡಗಾಲಿನ ಮಂಡಿ ನೋವು. ಕಣ್ಣಿನ ಕತೆ ನಿಮಗೇ ಗೊತ್ತು. ಗೊರಕೆ ಎಷ್ಟು ಜೋರು ಅಂದ್ರೆ ಪಕ್ಕದ ಮನೆಯವರು ಗೋಡೆ ಬಡಿತಾರೆ. ನೀವು ನನ್ನ ರಿಪೋರ್ಟ್ ಏನೂ ಕೇಳಲಿಲ್ಲ."

"ಕೇಳಬೇಕು ಅನ್ನಿಸಲಿಲ್ಲ."

"ನನಗೂ ಅನ್ನಿಸ್ತಿಲ್ಲ. ನೀವು ಪಾಸಾಗೋದು ಬೇಡ ನನಗೆ. ಬಂದ್ರೆ ಸಾಕು."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕೂತರು. ಕನ್ನಡಕವಿಲ್ಲದ ಆ ಮುಖವನ್ನು ಅವಳು ಮೊದಲ ಬಾರಿಗೆ ಇಷ್ಟು ಹತ್ತಿರದಿಂದ ನೋಡಿದಳು. ಮೂಗಿನ ಎರಡೂ ಬದಿ ಕೆಂಪು ಗುರುತು, ಎಡ ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು. ಗುಣವಾದೆ ಎಂದು ಯಾರೋ ಬರೆದುಕೊಟ್ಟರೆ ಮಾತ್ರ ಬದುಕುತ್ತೇನೆ ಎಂದು ತಾನು ಎಷ್ಟು ದಿನದಿಂದ ಕಾಯುತ್ತ ಕೂತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಆ ಮುಖ ಯಾವ ಅಪ್ಪಣೆಗೂ ಕಾಯುತ್ತಿರಲಿಲ್ಲ.

ಅವಳು ಕೈ ಚಾಚಿ ಅವರ ಕೈಯನ್ನು ಹಿಡಿದುಕೊಂಡಳು. ಬಟ್ಟೆ ಕತ್ತರಿಸಿ ಗಟ್ಟಿಯಾದ ಹೆಬ್ಬೆರಳು ಅವಳ ಅಂಗೈಯಲ್ಲಿ ಸ್ವಲ್ಪ ಹೊತ್ತು ಅಳುಕಿ, ಆಮೇಲೆ ನೆಮ್ಮದಿಯಾಗಿ ಒರಗಿತು.

"ಆಗ್ತೀನಿ," ಎಂದಳು.

"ರಿಪೋರ್ಟ್ ಇನ್ನೂ ಬಂದಿಲ್ಲ."

"ಅದು ಅದರ ಪಾಡಿಗೆ ಬರಲಿ."

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ನರ್ಸು ಕರೆದು ವೈರಸ್ ಇಲ್ಲ, ಚೂರೂ ಇಲ್ಲ ಎಂದರು. ಅವಳ ಕಣ್ಣು ತುಂಬಿ ಬಂತು.

"ಛೆ, ಸ್ವಲ್ಪ ಕಾದಿದ್ರೆ ಇನ್ನೂ ಒಳ್ಳೆ ಗಂಡು ಸಿಗ್ತಿದ್ದ ನಿಮಗೆ," ಎಂದರು ಮಾಸ್ಟರು.

"ಅದೇ ಯೋಚಿಸ್ತಿದ್ದೆ," ಎಂದು ಕಣ್ಣೊರೆಸಿಕೊಂಡಳು. ಹಿಡಿದ ಕೈ ಮಾತ್ರ ಬಿಡಲಿಲ್ಲ.

ಆಸ್ಪತ್ರೆಯ ಗೇಟಿನ ಬಳಿ ನಿಂತು ಮನೆಗೆ ಫೋನ್ ಮಾಡಿದಳು. "ಅತ್ತಿಗೆ, ಅಣ್ಣ ಇದ್ದಾನಾ? ಚೆನ್ನಾಗಿರೋ ಶರ್ಟ್ ಹಾಕ್ಕೊಳ್ಳೋಕೆ ಹೇಳಿ. ಒಬ್ಬರನ್ನ ಕರ್ಕೊಂಡು ಬರ್ತಿದ್ದೀನಿ."

ಅತ್ತ ಕಡೆ ಅತ್ತಿಗೆ ಏನೋ ಕೇಳಿದರು. ಅವಳು ಪಕ್ಕದಲ್ಲಿ ನಿಂತಿದ್ದವರನ್ನು ನೋಡಿದಳು. ಮಾಸ್ಟರು ಕಾಲರು ನೆಟ್ಟಗಿದೆಯೇ ಎಂದು ತಡಕಾಡುತ್ತಿದ್ದರು.

"ನೋಡೋಕಾ?" ಎಂದಳು, ಅವರಿಗೂ ಕೇಳಿಸುವ ಹಾಗೆ. "ಪರವಾಗಿಲ್ಲ ಅತ್ತಿಗೆ. ನನಗೆ ಹಿಡಿಸಿದ್ದಾರೆ."