ಹಿಂದಿನ ಸೀಟಿನ ಭಾರ

ತೌರಿಕ್‌ನ ಬಿಳಿ ಗಾಲ್ಫ್ ಕಾರು ಗ್ಯಾರೇಜಿನ ಕಡೆ ತಿರುಗಿತೆಂದು ತಿಳಿಯಲು ರುಗಾಯಾ ತಲೆ ಎತ್ತಬೇಕಿರಲಿಲ್ಲ, ಸೈಲೆನ್ಸರಿನ ಗುಡುಗೇ ಸಾಕಿತ್ತು. ಆದರೂ ಅವಳು ಜೇಬಿನಿಂದ ಲಿಪ್‌ಸ್ಟಿಕ್ ತೆಗೆದು, ಯಾರದೋ ಕಾರಿನ ಕನ್ನಡಿಯಲ್ಲಿ ನೋಡಿಕೊಂಡು ತುಟಿಗೆ ಒಮ್ಮೆ ಎಳೆದು, ಏನೂ ನಡೆದೇ ಇಲ್ಲವೆಂಬಂತೆ ಸ್ಪ್ಯಾನರ್ ಕೈಗೆತ್ತಿಕೊಂಡಳು.

"ಮತ್ತೆ ಉಜ್ತಾ ಇದೆ," ಎಂದ ತೌರಿಕ್, ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಏನು?"

"ಟೈರು. ಇನ್ನೇನು, ನನ್ನ ಹಲ್ಲಾ?"

"ಒಂದೇ ತಿಂಗಳಲ್ಲಿ ಮೂರನೇ ಸಲ. ನಿಜವಾಗ್ಲೂ ಟೈರಿಗೇ ಕಾಯಿಲೆನಾ, ಓಡಿಸೋನಿಗಾ?"

ಅವನ ಕಣ್ಣು ಅವಳ ತುಟಿಯ ಮೇಲೆ ಒಂದು ಗಳಿಗೆ ನಿಂತು, ಸಿಕ್ಕಿಬಿದ್ದವರಂತೆ ಬೇರೆ ಕಡೆ ಹೊರಳಿತು. "ಏನು, ಇವತ್ತು ಎಲ್ಲೋ ಮದುವೆ ಇದ್ದಂಗಿದೆ?"

"ಇದೆ. ನಿನ್ನ ಕಾರಿಗೂ ಗುಜರಿ ಅಂಗಡಿಯವನಿಗೂ."

ಬೇರೆ ದಿನವಾಗಿದ್ದರೆ ಅವನು ಇದಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದ. ಇವತ್ತು ತುಟಿ ಮಾತ್ರ ನಕ್ಕಿತು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಮಿಚೆಲ್ಸ್ ಪ್ಲೇನ್ ಬಡಾವಣೆಯ ಬೀದಿಗಳಲ್ಲಿ ಕಾರು ನೆಲಕ್ಕೆ ಎಷ್ಟು ಹತ್ತಿರವೋ ಅದರ ಒಡೆಯನ ತಲೆ ಅಷ್ಟು ಮೇಲೆ. ತೌರಿಕ್ ಗಿಡ್ಡ ಸ್ಪ್ರಿಂಗ್ ಹಾಕಿಸಿ, ಅಗಲದ ಚಕ್ರ ಕೂರಿಸಿ, ಹಿಂದಿನ ಗಾಜಿಗೆಲ್ಲ ಕಪ್ಪು ಹಾಳೆ ಅಂಟಿಸಿದ್ದ. ಉಜ್ಜುತ್ತದೆ ಎಂದು ಮೊದಲ ಸಲ ಬಂದಾಗ ರುಗಾಯಾ ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಬಿಲ್ಲೆ ತೆಗೆದಿದ್ದಳು. ಎರಡನೇ ಸಲ ಮಡ್‌ಗಾರ್ಡಿನ ಒಳ ಅಂಚನ್ನು ಮೇಲಕ್ಕೆ ಮಡಚಿದ್ದಳು. ಎರಡೂ ಸಲ ತಾನೇ ಓಡಿಸಿ ನೋಡಿದಾಗ ಕಾರು ಒಂದು ಮಾತೂ ಆಡಿರಲಿಲ್ಲ. ಹಾಗಾದರೆ ಇವನು ಬರುವುದು ಬೇರೆ ಏನಕ್ಕೋ ಎಂದು ಅವಳು ಲೆಕ್ಕ ಹಾಕಿದ್ದಳು. ಆ ಲೆಕ್ಕ ಅವಳಿಗೆ ಬಹಳ ಇಷ್ಟವಾಗಿತ್ತು.

ಅಪ್ಪ ಈಗ ಗ್ಯಾರೇಜಿನಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಒಮ್ಮೆಯಾದರೂ ಕೆಮ್ಮುತ್ತಿದ್ದ. ಅವನು ಊರಿಗೆಲ್ಲ ಬೂಟಾ ಸಾಲಿ, ಅಂದರೆ ಸಾಲಿಯಣ್ಣ, ಗ್ಯಾರೇಜಿನ ಯಜಮಾನ. ಈಚೆಗೆ ವಾರದಲ್ಲಿ ಮೂರು ಬೆಳಿಗ್ಗೆ ಮಸೀದಿಯ ಚಾವಣಿ ರಿಪೇರಿ ಎಂದು ಹೋಗಿಬಿಡುತ್ತಿದ್ದ. ಇವತ್ತೂ ಹೊರಡುವ ಮುಂಚೆ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿ, ಅದರ ಬೆಳ್ಳಿ ಕಾಗದದಲ್ಲಿ ಪುಟ್ಟ ದೋಣಿ ಮಡಚಿ ಮಗಳ ಟೂಲ್ ಬಾಕ್ಸಿನ ಮೇಲೆ ಇಟ್ಟಿದ್ದ. ಅವಳು ಅಂಬೆಗಾಲಿಡುತ್ತಿದ್ದಾಗಿನಿಂದ ಅದು ಅವನ ಚಾಳಿ.

ರುಗಾಯಾ ಕಾರನ್ನು ಜಾಕ್ ಮೇಲೆ ಎತ್ತಿ ಚಕ್ರಗಳನ್ನು ಒಂದೊಂದಾಗಿ ಬಿಚ್ಚಿದಳು. ಮೂರು ಚಕ್ರ ಚೆನ್ನಾಗಿದ್ದವು. ಎಡಗಡೆಯ ಹಿಂದಿನದನ್ನು ಕೈಗೆ ತೆಗೆದುಕೊಂಡವಳು ಹಾಗೇ ನಿಂತುಬಿಟ್ಟಳು. ಟೈರಿನ ಹೊರ ಅಂಚಿನ ಭುಜ ಹೆರೆದುಹೋಗಿ ಒಳಗಿನ ನೂಲು ಕಾಣುತ್ತಿತ್ತು. ಮಡ್‌ಗಾರ್ಡಿನ ಒಳಗೆ ಬಣ್ಣ ಹೋಗಿ ತಗಡು ಫಳಫಳ ಹೊಳೆಯುತ್ತಿತ್ತು. ಒಂದೇ ಮೂಲೆ ಹೀಗೆ ಉಜ್ಜಬೇಕಾದರೆ ಆ ಮೂಲೆಯ ಮೇಲೆ ಭಾರ ಕೂರಬೇಕು.

"ಹಿಂದೆ ಯಾರು ಕೂರ್ತಾರೆ, ತೌರಿಕ್?"

"ಯಾರೂ ಇಲ್ಲ."

ಉತ್ತರ ಪ್ರಶ್ನೆಗಿಂತ ಬೇಗ ಬಂದಿತ್ತು. ರುಗಾಯಾ ಕಾರಿನ ಹಿಂಭಾಗವನ್ನು ನೋಡಿದಳು. ಕಪ್ಪು ಗಾಜು, ಹಿಂದಿನ ಸೀಟು, ಯಾರ ಕಣ್ಣಿಗೂ ಬೀಳಬಾರದ ಯಾರೋ ಒಬ್ಬಳು. ಮಾನವಂತರ ಮನೆಯ ಹುಡುಗಿಯರು ಮದುವೆಗೆ ಮುಂಚೆ ಹುಡುಗನ ಪಕ್ಕ ಕೂರುವುದಿಲ್ಲ, ಹಿಂದೆಯೇ ಕೂರುತ್ತಾರೆ. ಇಷ್ಟು ದಿನ ತುಟಿಗೆ ಬಣ್ಣ ಯಾಕೆ ಹಚ್ಚಿಕೊಂಡೆ ಎಂದು ತನ್ನ ಮೇಲೇ ಸಿಟ್ಟು ಬಂತು.

"ಸರಿ, ನೋಡೇಬಿಡೋಣ," ಎಂದಳು.

ಬೇರೆ ಟೈರು ಹಾಕಿದಳು. ಟೈರು ತಾಗಿದರೆ ಗುರುತು ಬೀಳಲೆಂದು ಮಡ್‌ಗಾರ್ಡಿನ ಒಳ ಅಂಚಿಗೆ ಬಳಿಯಲು ಸೀಮೆಸುಣ್ಣ ಹುಡುಕಿದಳು, ಸಿಗಲಿಲ್ಲ. ಜೇಬಿನ ಲಿಪ್‌ಸ್ಟಿಕ್ಕನ್ನೇ ತೆಗೆದು ಅಂಚಿನುದ್ದಕ್ಕೂ ಬಳಿದಳು, ಮುಗಿಯುವವರೆಗೂ ಬಳಿದಳು. ಕಡಲ ಗಾಳಿಗೆ ಚಾವಣಿಯ ಶೀಟು ಹಾರದಂತೆ ಇಟ್ಟಿದ್ದ ಮರಳಿನ ಮೂಟೆಗಳಲ್ಲಿ ಒಂದನ್ನು ಹೊತ್ತು ತಂದು ಹಿಂದಿನ ಸೀಟಿನ ಎಡಮೂಲೆಗೆ ಹಾಕಿದಳು.

"ಓಡಿಸು. ಬಲಕ್ಕೆ ಜೋರಾಗಿ ತಿರುಗಿಸು."

ಬಲಕ್ಕೆ ತಿರುಗಿದಾಗ ಕಾರು ಎಡಕ್ಕೆ ವಾಲಿತು, ಸದ್ದಿಲ್ಲ. ಎರಡನೇ ಮೂಟೆಗೂ ಇಲ್ಲ. ಮೂರನೆಯದಕ್ಕೂ ಇಲ್ಲ. ನಾಲ್ಕನೇ ಮೂಟೆ ಹೇರಿಕೊಂಡು ತಿರುವಿಗೆ ಬಂದಾಗ ಹಿಂದಿನಿಂದ ಗರ್ರ್ ಎಂದು ಬಂತು. ಇಳಿದು ನೋಡಿದರೆ ಟೈರಿನ ಭುಜದ ತುಂಬ ಕೆಂಪು.

"ನಾಲ್ಕು ಮೂಟೆ," ಎಂದಳು ರುಗಾಯಾ. "ನಿನ್ನ ಹುಡುಗಿ ಮನೇಲಿ ಚೆನ್ನಾಗಿ ಊಟ ಹಾಕ್ತಾರೆ ಬಿಡು."

"ಹುಡುಗಿನಾ? ಯಾವ ಹುಡುಗಿ?"

ಅವಳು ಕೇಳಿಸಿಕೊಳ್ಳಲಿಲ್ಲ. ಮೂಟೆ ಇಳಿಸಲೆಂದು ಬಗ್ಗಿದವಳಿಗೆ ಸೀಟಿನ ಸಂದಿಯಲ್ಲಿ ಏನೋ ಮಿನುಗಿದ್ದು ಕಂಡಿತು. ಬೆರಳು ತೂರಿಸಿ ಎಳೆದಳು. ಬೆಳ್ಳಿ ಕಾಗದದ ಪುಟ್ಟ ದೋಣಿ. ಅದರ ಕೆಳಗೆ ಇನ್ನೊಂದು.

ಎರಡನ್ನೂ ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು.

"ಎಲ್ಲಿಗೆ ಕರ್ಕೊಂಡು ಹೋಗ್ತೀಯ ಅಪ್ಪನ್ನ?"

ತೌರಿಕ್ ಕಾರಿನ ಬಾಗಿಲು ಹಿಡಿದು ನೆಲ ನೋಡುತ್ತ ನಿಂತಿದ್ದ.

"ತೌರಿಕ್!"

"ಆಸ್ಪತ್ರೆಗೆ. ಮಷಿನ್‌ಗೆ ಹಾಕ್ತಾರೆ. ರಕ್ತ ತೊಳೆಯೋ ಮಷಿನ್."

ಆ ಮಷಿನ್ ಹೇಗಿರುತ್ತದೆ ಎಂದು ರುಗಾಯಾಳಿಗೆ ಯಾರೂ ಹೇಳಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಅಮ್ಮ ಅದರ ಪಕ್ಕದಲ್ಲೇ ಕಣ್ಣು ಮುಚ್ಚಿದ್ದಳು. ರುಗಾಯಾ ಅಲ್ಲೇ ಇದ್ದ ಮರಳಿನ ಮೂಟೆಯ ಮೇಲೆ ಕುಳಿತಳು. ಅಪ್ಪನ ಊದಿದ ಪಾದ, ಅರ್ಧಕ್ಕೇ ಬಿಡುವ ಚಹಾ, ಸೆಕೆಯಲ್ಲೂ ತೊಡುವ ತುಂಬುತೋಳಿನ ಅಂಗಿ, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಊರಿನ ಕಾರುಗಳ ಸಣ್ಣ ಕಿರಿಕಿರಿಯೆಲ್ಲ ಕೇಳುವ ಕಿವಿಗೆ ಇದೊಂದು ಕೇಳಿಸಿರಲಿಲ್ಲ.

"ಈ ಟೈರಲ್ಲಿ, ಹೈವೇ ಮೇಲೆ, ನನ್ನಪ್ಪನ್ನ ಕೂರಿಸ್ಕೊಂಡು... ಸಿಡಿದಿದ್ರೆ?"

"ಇಷ್ಟು ಸವೆದಿದೆ ಅಂತ ಗೊತ್ತಿರ್ಲಿಲ್ಲ, ಅಲ್ಲಾಹನಾಣೆ. ಬೆಳಿಗ್ಗೆ ಸದ್ದು ಜಾಸ್ತಿ ಆಯ್ತು. ಅವರನ್ನ ಬಿಟ್ಟು ನೇರ ಇಲ್ಲಿಗೇ ಬಂದೆ."

"ಮೊದಲೇ ಎತ್ತರ ಮಾಡಿಸೋಕೆ ಏನಾಗಿತ್ತು ನಿಂಗೆ? ಶೋಕಿ ಬಿಡೋಕಾಗಲ್ಲ, ಅಲ್ವಾ?"

"ಎತ್ತರ ಮಾಡಿದ್ರೆ ಇಡೀ ಬೀದಿ ಯಾಕೋ ಅಂತ ಕೇಳುತ್ತೆ. ಎಲ್ಲರಿಗಿಂತ ಮೊದಲು ನೀನೇ ಕೇಳ್ತೀಯ. ನಿಮ್ಮಪ್ಪ, 'ಅವಳಿಗೆ ಮಾತ್ರ ಹೇಳ್ಬೇಡ, ಮತ್ತೆ ಅವಳನ್ನ ಆ ವಾರ್ಡಿನ ಬಾಗಿಲಲ್ಲಿ ನಿಲ್ಲಿಸೋಕೆ ನನ್ನ ಕೈಲಾಗಲ್ಲ' ಅಂತ ಅತ್ತರು, ರುಗಾಯಾ. ಅವರು ಅತ್ತಿದ್ದು ಅದಕ್ಕೂ ಮುಂಚೆ ನಾನು ನೋಡೇ ಇರ್ಲಿಲ್ಲ."

"ಮತ್ತೆ ಇಲ್ಲಿಗೇ ಯಾಕೆ ತಂದೆ? ಊರಲ್ಲಿ ಬೇರೆ ಗ್ಯಾರೇಜ್ ಇರ್ಲಿಲ್ವಾ?"

ಅವನು ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟ. "ನಾನು ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಕಾರೂ ಹೇಳಲ್ಲ ಅಂತ ಕೊಟ್ಟಿರ್ಲಿಲ್ಲ."

ಅವಳು ಅಂಗೈಯಿಂದ ಮುಖ ಒರೆಸಿಕೊಂಡು ಎದ್ದಳು. "ಹಳೇ ಎತ್ತರದ ಸ್ಪ್ರಿಂಗ್ ಎಲ್ಲಿ?"

"ಡಿಕ್ಕಿಯಲ್ಲಿ. ಬೆಳಿಗ್ಗೆ ಹಾಕ್ಕೊಂಡೇ ಹೊರಟಿದ್ದೆ."

ಅಪ್ಪನನ್ನು ಕರೆತರುವ ಹೊತ್ತಿನೊಳಗೆ ಮುಗಿಸಬೇಕಿತ್ತು. ಇಬ್ಬರೂ ಕೆಲಸಕ್ಕೆ ಬಿದ್ದರು. ಕೊನೆಯ ಬೋಲ್ಟ್ ಬಿಗಿ ಮಾಡುವಾಗ ಇಬ್ಬರ ಗ್ರೀಸ್ ಮೆತ್ತಿದ ಬೆರಳುಗಳು ಒಂದೇ ಸ್ಪ್ಯಾನರಿನ ಮೇಲೆ ಬಂದವು. ಯಾರೂ ತೆಗೆಯಲಿಲ್ಲ.

"ನಿಜವಾಗ್ಲೂ ಹುಡುಗಿ ಅಂದ್ಕೊಂಡ್ಯಾ?" ಎಂದ ಅವನು.

"ಹೂಂ."

"ನಿನ್ನ ಬಿಟ್ಟು ಇನ್ಯಾವ ಹುಡುಗಿಯೇ ನಂಗೆ?"

ಹೀಗೆ ಕಾರಿನ ಅಡಿಯಲ್ಲಿ, ಮೂಗಿನ ತುದಿಗೆ ಎಣ್ಣೆ ಮೆತ್ತಿಕೊಂಡಾಗಲೇ ಈ ಮಾತು ಬರಬೇಕಿತ್ತೇ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆದುಕೊಂಡು, "ಬೋಲ್ಟ್ ನೋಡು," ಎಂದಳು.

ಆಸ್ಪತ್ರೆಯ ಗೇಟಿನಲ್ಲಿ ಬೂಟಾ ಸಾಲಿ ಗೋಡೆ ಹಿಡಿದು ನಿಂತಿದ್ದ. ಬಿಳಿ ಕಾರು ಹೊಸ ಎತ್ತರದಲ್ಲಿ ಬರುವುದನ್ನು ನೋಡಿ ಹುಬ್ಬು ಗಂಟಿಕ್ಕಿದ. ಆಮೇಲೆ ಮಗಳು ಕಂಡಳು. ಆ ದೊಡ್ಡ ದೇಹ ನಿಂತಲ್ಲೇ ಸಣ್ಣದಾಯಿತು.

"ಹೇಳಿಬಿಟ್ಟೆಯೇನೋ?"

"ಅವನು ಹೇಳಲಿಲ್ಲ ಅಪ್ಪಾ," ಎಂದಳು ರುಗಾಯಾ. "ಟೈರು ಹೇಳ್ತು."

ಬ್ಯಾಂಡೇಜಿಲ್ಲದ ತೋಳನ್ನು ಅವಳು ಹಿಡಿದುಕೊಂಡಳು. ಅವನು ಅವಳ ಮುಖ ನೋಡದೆ ಹೇಳಿದ, "ನಿಮ್ಮಮ್ಮ ಮಲಗಿದ್ಲಲ್ಲ, ಅದರ ಪಕ್ಕದ ಹಾಸಿಗೇನೇ ಕೊಟ್ಟಿದಾರೆ. ನೀನು ಅದನ್ನ ನೋಡೋದು ಬೇಡ ಅಂತ."

"ನೀನೊಬ್ಬನೇ ನೋಡೋದೂ ಬೇಡ."

ಮರಳುವಾಗ ಅಪ್ಪ ಹಿಂದಿನ ಎಡಮೂಲೆಗೆ ಕುಳಿತ, ಅವಳು ಮುಂದೆ ತೌರಿಕ್‌ನ ಪಕ್ಕ. ಬಲತಿರುವು ಬಂದಾಗಲೆಲ್ಲ ರುಗಾಯಾ ಕಿವಿಗೊಟ್ಟಳು. ಎಡಗಡೆಯ ಹಿಂದಿನ ಚಕ್ರ ಸುಮ್ಮನೆ ಉರುಳುತ್ತಿತ್ತು. ಅಪ್ಪನ ಉಸಿರು ಮಾತ್ರ ಭಾರವಾಗಿ ಕೇಳಿಸುತ್ತಿತ್ತು.

ತಮ್ಮ ಬೀದಿಗೆ ಬಂದಾಗ ಗೇಟಿನ ಬಳಿ ಗುಡಿಸುತ್ತಿದ್ದ ಜೈನು ಆಂಟಿ ಪೊರಕೆ ಅಡ್ಡ ಹಿಡಿದು ನಿಂತಳು. "ಏನೋ ತೌರಿಕ್, ಕಾರು ಹೀಗೆ ಒಂಟೆ ಥರ ಎದ್ದು ನಿಂತಿದೆ? ಟ್ಯಾಕ್ಸಿ ಓಡಿಸೋಕೆ ಶುರು ಮಾಡಿದ್ಯೋ?"

ಆಚೆ ಗೋಡೆಯ ಮೇಲೆ ಕುಳಿತಿದ್ದ ಗೆಳೆಯರು ಗೊಳ್ಳೆಂದು ನಕ್ಕರು. ತೌರಿಕ್‌ನ ಕಿವಿ ಕೆಂಪಾಯಿತು. ಒಂದು ಉಸಿರು ಎಳೆದುಕೊಂಡು ಇಡೀ ಬೀದಿಗೆ ಕೇಳುವಂತೆ ಹೇಳಿದ.

"ಹೂಂ ಆಂಟಿ. ನಮ್ಮ ಮಾವನಿಗೆ."

ಪೊರಕೆ ಕೆಳಗಿಳಿಯಿತು. ನಗು ನಿಂತಿತು. ರುಗಾಯಾ ಕತ್ತು ತಿರುಗಿಸದೆ ಮುಂದಿನ ರಸ್ತೆಯನ್ನೇ ನೋಡಿದಳು.

"ಯಾರೋ ನಿನ್ನ ಮಾವ?" ಹಿಂದಿನ ಸೀಟು ಗುಡುಗಿತು.

ಹಿಂದೆ ಪೆಪ್ಪರ್‌ಮಿಂಟಿನ ಕಾಗದ ಪರಪರ ಅಂದಿತು. ಬಹಳ ಹೊತ್ತು ಅಂದಿತು. ಆಮೇಲೆ ಎರಡು ಸೀಟುಗಳ ನಡುವಿನಿಂದ ಅಪ್ಪನ ಕೈ ಮುಂದೆ ಬಂತು. ರುಗಾಯಾ ಅಭ್ಯಾಸದಂತೆ ಅಂಗೈ ಒಡ್ಡಿದಳು. ಕೈ ಅವಳನ್ನು ದಾಟಿಕೊಂಡು ಹೋಗಿ, ಬೆಳ್ಳಿ ದೋಣಿಯನ್ನು ತೌರಿಕ್‌ನ ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿತು.

"ರಸ್ತೆ ನೋಡ್ಕೊಂಡು ಓಡಿಸು," ಎಂದ ಬೂಟಾ ಸಾಲಿ.