ಆರನೆಯ ನಿಯಮ

ಇತಿಹಾಸ ಬರೆಯುವವರು ಯುದ್ಧಗಳನ್ನೂ ಒಪ್ಪಂದಗಳನ್ನೂ ಬರೆದು ಮುಗಿಸಿದ ಮೇಲೆ, ಜಾಗ ಉಳಿದಿದ್ದರೆ, ಇದನ್ನೂ ದಾಖಲಿಸಬೇಕು: ಆ ಶನಿವಾರದ ಸಭೆಗೆ ಕನ್ನಡಕದಂಗಡಿಯ ಹುಡುಗಿ ಹತ್ತು ನಿಮಿಷ ತಡವಾಗಿ ಬಂದಳು.

ಕೈಯಲ್ಲಿ ಫೋನಿಲ್ಲದ ಕಾಲವದು. ಗ್ರಂಥಾಲಯದ ಮಹಡಿಯಲ್ಲಿ, ಮನಸ್ಸಿನ ಕಾಯಿಲೆಯವರ ಮನೆಮಂದಿ ವಾರಕ್ಕೊಮ್ಮೆ ಸೇರುತ್ತಿದ್ದರು. ನಡೆಸುತ್ತಿದ್ದವರು ನಿವೃತ್ತ ಟೀಚರಮ್ಮ. ಹದಿನಾಲ್ಕು ಮಡಚುವ ಕುರ್ಚಿ, ಒಂದು ಫ್ಲಾಸ್ಕು ಟೀ...

ಬಾಗಿಲ ಪಕ್ಕ ಕೂತಿದ್ದವನು ಅವಳನ್ನು ಕಂಡು ಎದ್ದ.

“ಕೂತ್ಕೊಳ್ಳಿ. ಇದು ಹೊಸಬರ ಕುರ್ಚಿ. ಎದ್ದು ಓಡೋಕೆ ಅನುಕೂಲ.”

“ನೀವೂ ಹೊಸಬರಾ?”

“ಎರಡು ವರ್ಷ ಆಯ್ತು. ಓಡೋ ಯೋಚನೆ ಇನ್ನೂ ಬಿಟ್ಟಿಲ್ಲ.”

ಅವನು ಲಿಫ್ಟ್ ರಿಪೇರಿಯವನು. ಲಿಫ್ಟೇ ಇಲ್ಲದ ಆ ಕಟ್ಟಡದಲ್ಲಿ ಎಲ್ಲರೂ ಅವನನ್ನು ‘ಲಿಫ್ಟು’ ಎಂದೇ ಕರೆಯುತ್ತಿದ್ದರು.

ಸರದಿ ಬಂದಾಗ ಅವಳು ನೆಲ ನೋಡುತ್ತಾ ಹೇಳಿದಳು. ತನಗೆ ಸೈಕಲ್ ಕಲಿಸಿದ ಅಣ್ಣ ಈಗ ರೇಡಿಯೋ ತನ್ನನ್ನೇ ಬೈಯುತ್ತದೆ ಎನ್ನುತ್ತಾನೆ. ದಾರಿಯಲ್ಲಿ ಸಿಕ್ಕವರು ಮನೆಯ ಬೆಕ್ಕನ್ನೂ ವಿಚಾರಿಸುತ್ತಾರೆ, ಅಣ್ಣನೊಬ್ಬನನ್ನು ಬಿಟ್ಟು.

“ನಮ್ಮಮ್ಮನಿಗೆ ನಲ್ಲಿ ಬೈಯುತ್ತೆ,” ಎಂದ ಲಿಫ್ಟು. “ರೇಡಿಯೋನೇ ವಾಸಿ. ನಡುನಡುವೆ ಹಾಡಾದ್ರೂ ಬರುತ್ತೆ.”

ಎಷ್ಟೋ ತಿಂಗಳ ಮೇಲೆ ಅವಳು ನಕ್ಕಳು. ನಕ್ಕಿದ್ದಕ್ಕೇ ಅಳು ಬಂತು...

ಆಮೇಲೆ ಶನಿವಾರಗಳು ಬೇಗ ಬರತೊಡಗಿದವು. ಮಾತ್ರೆಗಾಗಿ ದೂರದ ದೊಡ್ಡಾಸ್ಪತ್ರೆಗೆ ಅಲೆಯುವುದು ತಪ್ಪಲಿ, ಬಡಾವಣೆಯ ಚಿಕಿತ್ಸಾಲಯದಲ್ಲೇ ಸಿಗಲಿ ಎಂದು ಸಭೆ ಬರೆದ ಅರ್ಜಿಗೆ ಅವಳ ಅಕ್ಷರ, ಅವನ ವಾಕ್ಯ. ‘ದಯವಿಟ್ಟು’ ಇರಬೇಕೋ ಬೇಡವೋ ಎಂದು ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಅಷ್ಟುದ್ದದ ಜಗಳಕ್ಕೆ ಏನರ್ಥವೆಂದು ಉಳಿದ ಹನ್ನೆರಡು ಮಂದಿಗೆ ತಿಳಿದುಹೋಯಿತು.

ಒಂದು ಮಧ್ಯಾಹ್ನ ಅವಳು ಅಂಗಡಿಯ ಗೆಳತಿಯ ಜೊತೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವನು ಎದುರಿಗೇ ಬಂದ. ನೋಡಿದ. ಅವನು ಮಾತಾಡಿಸಿದರೆ ನಗೋಣವೆಂದು ಅವಳು ಕಾದಳು. ಅವನು ಬಸ್ಸಿನ ವೇಳಾಪಟ್ಟಿಯನ್ನು ಭಕ್ತಿಯಿಂದ ಓದತೊಡಗಿದ.

ಅವನ ದೃಷ್ಟಿಯಲ್ಲಿ ದೋಷವಿಲ್ಲವೆಂದು ಅವಳಿಗೆ ವೃತ್ತಿಯಿಂದಲೇ ಗೊತ್ತಿತ್ತು.

‘ಒಳಗೆ ಅಣ್ಣನ ಕಥೆ ಕೇಳುತ್ತಾನೆ. ಹೊರಗೆ ಅವನ ತಂಗಿಯನ್ನು ಮಾತಾಡಿಸಲು ನಾಚಿಕೆ... ಇವನೂ ಎಲ್ಲರಂತೆಯೇ.’

ಅವಳು ಸಭೆಗೆ ಹೋಗುವುದನ್ನು ಬಿಟ್ಟಳು. ಮೂರು ತಿಂಗಳು. ಶನಿವಾರ ಐದಾದರೆ ಕಾಲುಗಳು ತಾವಾಗಿ ಚಪ್ಪಲಿ ಹುಡುಕುತ್ತಿದ್ದವು. ಅಣ್ಣ ಮಾತ್ರೆ ಉಗುಳಿದ ದಿನ ಅದನ್ನು ಹೇಳಿಕೊಳ್ಳಲು ಅವಳಿಗೆ ಒಂದು ಕುರ್ಚಿಯೂ ಇರಲಿಲ್ಲ.

ಹೀಗಿರುವಾಗ ಟೀಚರಮ್ಮ ಕನ್ನಡಕ ಬದಲಾಯಿಸಲು ಅಂಗಡಿಗೆ ಬಂದರು. ಹೆಸರು, ವಯಸ್ಸು ಎಲ್ಲ ಅಪರಿಚಿತರಿಗೆ ಹೇಳುವಂತೆ ಹೇಳಿದರು. ಅಕ್ಷರದ ಹಲಗೆಯ ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ.

“ಟೀಚರಮ್ಮ, ನಾನು ಯಾರು ಅಂತ ಗೊತ್ತಾಗ್ಲಿಲ್ವಾ?”

“ಗೊತ್ತಾಗದೆ ಏನು? ನೀನು ಮಾತಾಡಿಸ್ಲಿ ಅಂತ ಕಾಯ್ತಿದ್ದೆ ಕಣೇ. ಆರನೇ ನಿಯಮ.”

ಯಾವ ನಿಯಮ? ಟೀಚರಮ್ಮ ಪಾಠ ಒಪ್ಪಿಸಿದರು. ಸಭೆಯವರು ಹೊರಗೆ ಸಿಕ್ಕರೆ, ಹೊಸಬರು ತಾವಾಗಿ ಮಾತಾಡಿಸುವ ತನಕ ಹಳಬರು ಗುರುತು ತೋರಿಸಕೂಡದು. ಜೊತೆಗಿದ್ದವರು ‘ಯಾರಿವರು, ಹೇಗೆ ಪರಿಚಯ’ ಎಂದು ಕೇಳಿದರೆ ಪಾಪ, ಏನು ಹೇಳಿಯಾರು? ಹೊಸಬರು ಬರುವ ದಿನ ಸಭೆ ಶುರುವಾಗುತ್ತಲೇ ಇದನ್ನು ಓದುವುದು ರೂಢಿ.

ಅವಳು ಹತ್ತು ನಿಮಿಷ ತಡವಾಗಿ ಬಂದಿದ್ದಳು.

“ಲಿಫ್ಟು ಅಂಚೆ ಕಚೇರೀಲಿದಾನೆ,” ಎಂದರು ಟೀಚರಮ್ಮ, ಕೊನೆಯ ಸಾಲನ್ನು ತಪ್ಪಾಗಿ ಓದುತ್ತಾ. “ಇವತ್ತೆಲ್ಲಾ ಅಲ್ಲೇ.”

ಅಂಚೆ ಕಚೇರಿಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಅದರೊಳಗಿಂದ ಅವನ ತಲೆ, ಕೈಗಳಷ್ಟೇ ಅವಳ ಪಾದದ ಮಟ್ಟಕ್ಕೆ ಕಾಣುತ್ತಿದ್ದವು. ಸುತ್ತ ಹತ್ತು ಜನ ಸಲಹೆ ಕೊಡುತ್ತಿದ್ದರು. ಅವಳು ಬಗ್ಗಿ, ಎಲ್ಲರೆದುರು ಕೇಳಿದಳು:

“ಚೆನ್ನಾಗಿದ್ದೀರಾ?”

ಸ್ಪ್ಯಾನರ್ ಕೆಳಗೆ ಎಲ್ಲೋ ಬಿದ್ದ ಸದ್ದಾಯಿತು.

“ಹನ್ನೊಂದು ಸಲ ನಿಮ್ಮಂಗಡಿ ಮುಂದೆ ಓಡಾಡಿದೀನಿ,” ಎಂದ ಅವನು. “ಆ ಬೀದೀಲಿ ಒಂದು ಲಿಫ್ಟೂ ಇಲ್ಲ.”

“ಒಳಗೆ ಬರಬಹುದಿತ್ತು...”

“ನಿಯಮ...” ಎಂದು ತಡವರಿಸಿದ. ಆಮೇಲೆ ಸಲಹೆಗಾರರಿಗೆಲ್ಲ ಕೇಳುವಂತೆ, “ನಿಮ್ಮಣ್ಣ ಹೇಗಿದಾರೆ?”

ಅಣ್ಣ ಹೇಗಿದಾರೆ... ನಾಲ್ಕು ಜನರ ನಡುವೆ, ಹಗಲು ಹೊತ್ತಿನಲ್ಲಿ, ಜ್ವರ ಬಂದವರನ್ನು ಕೇಳುವಷ್ಟು ಸಹಜವಾಗಿ!

“ಮಾತ್ರೆ ಉಗುಳ್ತಾನೆ. ನಿಮ್ಮಮ್ಮ?”

“ನಲ್ಲಿ ಜೊತೆ ರಾಜಿ ಆಗಿದೆ.” ಅವನು ಕೈಗೆ ಮೆತ್ತಿದ ಗ್ರೀಸನ್ನು ಒರೆಸುತ್ತಲೇ ಇದ್ದ. “ಒಂದು ಲೆಕ್ಕ ಹೇಳಿ. ನಮ್ಮಮ್ಮ, ನಿಮ್ಮಣ್ಣ, ನಾವಿಬ್ಬರು... ಎಷ್ಟು ಕೋಣೆ ಬೇಕಾಗುತ್ತೆ?”

“ಮೂರು ಸಾಕು,” ಎಂದುಬಿಟ್ಟಳು. ಹೇಳಿದ ಮೇಲೆ ಲೆಕ್ಕದ ಅರ್ಥ ಹೊಳೆದು ಮುಖ ಕೆಂಪಾಯಿತು.

“ರೇಡಿಯೋ ತರಬೇಕು ಮತ್ತೆ,” ಎಂದ ಅವನು ಮೆಲ್ಲಗೆ. “ಹಾಡಿಗೆ.”

“ತರ್ತೀನಿ. ದಯವಿಟ್ಟು ಮೊದಲು ಅಲ್ಲಿಂದ ಮೇಲೆ ಬನ್ನಿ.”

ಮೂರು ಕೋಣೆಯ ಮನೆ ಸಿಗಲು ಐದು ತಿಂಗಳು ಹಿಡಿಯಿತು. ಮಾತ್ರೆಯ ಅರ್ಜಿ ‘ದಯವಿಟ್ಟು’ ಇಲ್ಲದೆಯೇ ಮಂಜೂರಾಯಿತು. ಸಭೆಯ ನಿಯಮಗಳನ್ನು ಅಂದಿನಿಂದ ಕೊನೆಯಲ್ಲೂ ಒಮ್ಮೆ ಓದುತ್ತಾರೆ.