ಮೂರು ಕಾರು, ಹನ್ನೆರಡು ಚಕ್ರದ ಗಾಳಿ

ಕಾರಿನ ಹಿಂದಿನ ಸೀಟಿನ ಮುಂದೆ ಮೊಣಕಾಲೂರಿ, ಅವಳು ಬ್ರಷ್ಷಿನಿಂದ ಕಾರ್ಪೆಟ್ಟಿನ ಮರಳು ಕೆರೆದು ತೆಗೆಯುತ್ತಿದ್ದಳು. ಮಾತಿಲ್ಲ, ಹಾಡಿಲ್ಲ. ಆ ವಾಟರ್ ವಾಷ್ ಅಂಗಳದಲ್ಲಿ ಎಲ್ಲರೂ ಅವಳನ್ನು ‘ಬೆಕ್ಕು’ ಎಂದೇ ಕರೆಯುತ್ತಿದ್ದರು. ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು.

ಅದರಿಂದಲೇ ಎಡವಟ್ಟಾಯಿತು.

ಮುಂದಿನ ಬಾಗಿಲು ತೆರೆಯಿತು. ಯಾರೋ ಕುಳಿತರು. ಎಂಜಿನ್ ಶುರುವಾಯಿತು. ಅವಳು ಬ್ರಷ್ ಹಿಡಿದಂತೆಯೇ ಕಲ್ಲಾದಳು.

ಹೇಳಬೇಕು... ಒಳಗೆ ನಾನಿದ್ದೇನೆ ಎಂದು ಹೇಳಬೇಕು... ಆದರೆ ‘ಸಾರ್’ ಅನ್ನಲೇ, ‘ಅಣ್ಣ’ ಅನ್ನಲೇ ಎಂದು ಅವಳು ತೂಗಿ ನೋಡುತ್ತಿರುವಷ್ಟರಲ್ಲಿ ಕಾರು ಗೇಟು ದಾಟಿ, ಸಿಗ್ನಲ್ ದಾಟಿ, ಮೇಲ್ಸೇತುವೆ ಏರಿತ್ತು.

ಮುಂದೆ ಕುಳಿತವನು ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದ. ಕ್ಲಚ್ಚು ಹಗುರವಂತೆ. ಸ್ಟೀರಿಂಗು ಬೆಣ್ಣೆಯಂತೆ. ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಓಡುತ್ತದಂತೆ. ಇವನಿಗೆ ತಲೆ ಕೆಟ್ಟಿದೆ ಎಂದು ಅವಳಿಗೆ ಖಾತ್ರಿಯಾಗುವಷ್ಟರಲ್ಲಿ ಒಂದು ಹಂಪು ಬಂತು. ಅವಳ ತಲೆ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು.

“ಅಯ್ಯಮ್ಮಾ!”

ಬ್ರೇಕು ಕಿರುಚಿತು. ಅವನು ತಿರುಗಿದ. ಸೀಟುಗಳ ನಡುವಿನಿಂದ ಮೊದಲು ಒಂದು ಬ್ರಷ್ಷು, ಆಮೇಲೆ ಕೆದರಿದ ಕೂದಲು, ಆಮೇಲೆ ಎರಡು ದೊಡ್ಡ ಕಣ್ಣು ಮೇಲೆದ್ದವು. ಅವನ ಮುಖದ ರಕ್ತ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ಅವನು ಸುಧಾರಿಸಿಕೊಂಡು ಜೇಬಿನಿಂದ ಕೆಂಪು ಪೆನ್ನು ತೆಗೆದ.

“ಹಂಪು ಹಿಂದೆ ಎಲ್ಲಿಗೆ ಬಡೀತು? ಸೊಂಟಕ್ಕಾ, ಹೊಟ್ಟೆಗಾ?”

“ತಲೆಗೆ,” ಎಂದಳು ಅವಳು.

ಅವನು ಅದನ್ನೂ ಬರೆದುಕೊಂಡ.

ಪತ್ರಿಕೆಯೊಂದಕ್ಕೆ ಕಾರು ಓಡಿಸಿ ನೋಡಿ ಬರೆಯುವುದು ಅವನ ಉದ್ಯೋಗ. ಈ ಸಲ ಅಕ್ಕತಂಗಿಯರಂತಿದ್ದ ಮೂರು ಮಧ್ಯಮ ಗಾತ್ರದ ಎಸ್‌ಯುವಿಗಳು ಬಂದಿದ್ದವು. ಎತ್ತರ ಒಂದೇ, ಬಿಳಿ ಬಣ್ಣ ಒಂದೇ, ಬೆಲೆಯಲ್ಲೂ ಕೂದಲೆಳೆಯ ಅಂತರ. ಯಾವುದು ಮೇಲೆಂದು ಅವನು ಓದುಗರಿಗೆ ಹೇಳಬೇಕು. ಮೂರೂ ನಿಲ್ಲುತ್ತಿದ್ದುದು ಅವಳ ಚಿಕ್ಕಪ್ಪನ ಅಂಗಳದಲ್ಲಿ. ದಿನಾ ಬೆಳಗ್ಗೆ ಅವುಗಳನ್ನು ತೊಳೆದು, ಹನ್ನೆರಡು ಚಕ್ರಕ್ಕೂ ಅಳತೆಯಷ್ಟೇ ಗಾಳಿ ತುಂಬಿಡುವುದು ಅವಳ ಪಾಲಿನ ಕೆಲಸ. ಕಾರಿಗೆ ಅಂಕ ಹಾಕುವವನೆಂದು ಅಂಗಳದವರು ಅವನಿಗೆ ‘ಮೇಷ್ಟ್ರು’ ಎಂದು ಹೆಸರಿಟ್ಟರು.

ಹಿಂದಿನ ಸೀಟಿನ ಸುಖದುಃಖ ಹೇಳಲು ತನಗೊಬ್ಬರು ಬೇಕು ಎಂದು ಅವನು ಚಿಕ್ಕಪ್ಪನನ್ನು ಕೇಳಿದ. ಚಿಕ್ಕಪ್ಪ ಮೀಸೆ ತಿರುವಿ ಯೋಚಿಸಿ, ಬೆಳಗಿನ ಹೊತ್ತು ಮಾತ್ರ, ಕಿಟಕಿ ಇಳಿಸಿರಬೇಕು, ಹೋಗಿಬರುವಾಗ ಅಂಗಡಿಯಿಂದ ಶಾಂಪೂ ಕ್ಯಾನು ತಂದುಕೊಡಬೇಕು ಎಂದು ಮೂರು ಷರತ್ತು ಹಾಕಿ ಒಪ್ಪಿದ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಕೆಂಪು ಪೆನ್ನೆಂದರೆ ಎದೆ ಡವಗುಟ್ಟುತ್ತಿತ್ತು. ಆದರೆ ಈ ಕೆಂಪು ಪೆನ್ನು ಅವಳ ಮಾತನ್ನು ತಿದ್ದಲಿಲ್ಲ... ಇದ್ದಂತೆಯೇ ಬರೆದುಕೊಂಡಿತು! ಮೊದಲನೇ ಕಾರು ಹಳ್ಳ ಕಂಡರೆ ಹಲ್ಲು ಕಡಿಯುತ್ತದೆ ಎಂದಳು. ಬರೆದುಕೊಂಡ. ಎರಡನೆಯದು ಮೆತ್ತಗಿದೆ, ಆದರೆ ತಿರುವಿನಲ್ಲಿ ತುಂಬಿದ ಕೊಡದಂತೆ ತುಳುಕುತ್ತದೆ ಎಂದಳು. ಅದನ್ನೂ ಬರೆದುಕೊಂಡ. ಮೂರನೆಯದು ಸದ್ದೇ ಮಾಡುವುದಿಲ್ಲ, ಏನೋ ಬಚ್ಚಿಟ್ಟವರ ಹಾಗೆ ಎಂದಾಗ ಅವನು ಕನ್ನಡಿಯಲ್ಲಿ ಅವಳನ್ನೇ ನೋಡಿ ನಕ್ಕ.

ಆ ನಗು ಅವಳ ಜೊತೆ ಮನೆಗೆ ಬಂತು. ಪಾತ್ರೆ ತೊಳೆಯುವಾಗಲೂ ಬಿಡಲಿಲ್ಲ.

ಮೂರನೇ ದಿನ ಅವನು ಸಂಭ್ರಮದಿಂದ ಹೇಳಿದ. ಅಂಕಗಳು ಮೂರು ದಿನವೂ ಹೊಂದಿವೆಯಂತೆ. ನಾಳೆಯೂ ಹೊಂದಿದರೆ ಪರೀಕ್ಷೆ ಮುಗಿಯಿತಂತೆ, ಕಾರುಗಳು ವಾಪಸ್ಸು.

ಕಾರುಗಳು ವಾಪಸ್ಸು... ಹಾಗಾದರೆ ಮೇಷ್ಟ್ರು?

ಮರುದಿನ ಬೆಳಗ್ಗೆ ಗಾಳಿ ಪೈಪು ಹಿಡಿದ ಅವಳ ಕೈ, ಎರಡನೇ ಕಾರಿಗೆ ನಾಲ್ಕು ಪಾಯಿಂಟು ಹೆಚ್ಚು ತುಂಬಿತು.

ಗಾಳಿ ಸರಿ ಇದೆಯಾ ಎಂದು ಅವನು ಎಂದಿನಂತೆ ಕೇಳಿದ. ಅವಳು ತಲೆಯಾಡಿಸಿದಳು. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ದಿನ ಬೆಣ್ಣೆಯಂಥ ಎರಡನೇ ಕಾರು ಕಲ್ಲಾಯಿತು. ಮರುದಿನ ಮೊದಲನೆಯದರ ಗಾಳಿ ಇಳಿಯಿತು, ಸ್ಟೀರಿಂಗು ಭಾರವಾಯಿತು. ಅಂಕಗಳು ಹೊಂದಲಿಲ್ಲ. ನಾಲ್ಕು ದಿನದ ಪರೀಕ್ಷೆ ಒಂಬತ್ತು ದಿನವಾಯಿತು. ಪಾಪ, ಅವನು ಕಾರನ್ನು ಅನುಮಾನಿಸಲಿಲ್ಲ, ಅವಳನ್ನು ಅನುಮಾನಿಸಲಿಲ್ಲ. ತನ್ನ ಸೊಂಟವನ್ನೇ ಅನುಮಾನಿಸಿ ಮೂಳೆ ಡಾಕ್ಟರ ಬಳಿಗೆ ಹೋದ. ಸೊಂಟಕ್ಕೇನೂ ಆಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವನಿಗೆ ಇನ್ನೂ ಹೆದರಿಕೆಯಾಯಿತು.

ಒಂಬತ್ತನೇ ದಿನ ಸುತ್ತು ಮುಗಿಸಿ ಬಂದು ಅಂಗಳದ ಗೇಟಿನಲ್ಲೇ ಕಾರು ನಿಲ್ಲಿಸಿದ. ಸ್ಟೀರಿಂಗಿನ ಮೇಲೆ ಹಣೆಯಿಟ್ಟ.

ನಾಳೆಯೊಳಗೆ ಬರಹ ಬರದಿದ್ದರೆ ಅವನನ್ನು ಅಡುಗೆಮನೆ ಪುಟಕ್ಕೆ ಹಾಕುತ್ತೇನೆ ಎಂದು ಸಂಪಾದಕರು ಹೇಳಿದ್ದರಂತೆ. ಇನ್ನು ಮೇಲೆ ಮಿಕ್ಸಿಗೆ ಅಂಕ.

“ನಾನೇ ಕೇಳ್ಕೊಂಡು ಹೋಗ್ತೀನಿ ಬಿಡಿ. ನನ್ನ ಮೈಯನ್ನ ನಾನೇ ನಂಬೋಕಾಗ್ತಿಲ್ಲ. ಇಷ್ಟು ವರ್ಷ ಬರೆದದ್ದೆಲ್ಲ ಹೀಗೇ ಇತ್ತೇನೋ.”

ಹೇಳಿದರೆ ಈ ಸೀಟು ಹೋಗುತ್ತದೆ, ಕನ್ನಡಿಯ ನಗು ಹೋಗುತ್ತದೆ, ಬಹುಶಃ ಗಾಳಿ ಪೈಪೂ ಹೋಗುತ್ತದೆ. ಹೇಳದಿದ್ದರೆ... ಈ ಮನುಷ್ಯ ಜೀವನವಿಡೀ ತನ್ನ ಸೊಂಟವನ್ನು ಅನುಮಾನಿಸುತ್ತಾ ಬದುಕುತ್ತಾನೆ.

“ಮೇಷ್ಟ್ರೇ, ಮಿಕ್ಸಿ ಬೇಡ,” ಎಂದಳು. “ತಪ್ಪು ನಿಮ್ಮ ಸೊಂಟದ್ದಲ್ಲ. ನನ್ನ ಕೈಯದು.”

ಎಲ್ಲವನ್ನೂ ಹೇಳಿದಳು. ಅವನು ಎಂಜಿನ್ ಆರಿಸಿದ.

“ಎಕ್ಸ್‌ರೇ ತೆಗೆಸ್ಕೊಂಡೆ ನಾನು. ಎರಡು ಸಲ.”

ಅವಳ ಕಣ್ಣು ತುಂಬಿ ಬಂತು.

“ಯಾಕೆ ಹೀಗ್ಮಾಡಿದ್ರಿ?”

“ಮುಗಿದುಹೋಗುತ್ತಲ್ಲ,” ಎಂದಳು, ಕಿಟಕಿಯ ಗಾಜಿಗೆ ಹೇಳುವವಳಂತೆ.

ಯಾವ ದಿನ ಯಾವ ಕಾರಿಗೆ ಎಷ್ಟು ಗಾಳಿ ಇತ್ತು ನೆನಪಿದೆಯಾ ಎಂದಷ್ಟೇ ಅವನು ಒಣದನಿಯಲ್ಲಿ ಕೇಳಿದ. ನೆನಪಿತ್ತು. ಮಗ್ಗಿ ಬಾಯಿಗೆ ಬಾರದೆ ಶಾಲೆ ಬಿಟ್ಟವಳು ಹನ್ನೆರಡು ಚಕ್ರದ ಒಂಬತ್ತು ದಿನದ ಗಾಳಿಯನ್ನು ಎಲ್ಲೂ ತಡವರಿಸದೆ ಒಪ್ಪಿಸಿದಳು. ಅವನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಹೋದ. ಸೀಟಿನ ಅಂಕ ಹೊಂದಿತು. ಸ್ಟೀರಿಂಗಿನ ಅಂಕ ಹೊಂದಿತು. ಮೂರನೇ ಕಾರೇ ಒಂದು ಕೈ ಮೇಲು ಎಂದು ಸ್ಪಷ್ಟವಾಯಿತು. ಒಂಬತ್ತು ದಿನದ ಗಂಟು ಬಿಚ್ಚಿಕೊಂಡು ಅವನ ಮುಖ ಅರಳಿತು.

ಆಮೇಲೆ ಹುಬ್ಬು ಮತ್ತೆ ಗಂಟಿಕ್ಕಿತು.

ಕೊನೆಯ ಸಾಲೊಂದು ಹೊಂದುತ್ತಿರಲಿಲ್ಲ: ಓಡಿಸುವ ಖುಷಿ. ಗಾಳಿ ಹೆಚ್ಚಿರಲಿ, ಕಡಿಮೆಯಿರಲಿ, ಮೂರು ಕಾರಿಗೂ ದಿನಾ ಹತ್ತಕ್ಕೆ ಒಂಬತ್ತು. ಆರನೇ ದಿನ ಮಾತ್ರ ಮೂರಕ್ಕೂ ನಾಲ್ಕೇ ನಾಲ್ಕು.

“ಆರನೇ ದಿನ ಗಾಳಿಗೆ ಏನು ಮಾಡಿದ್ರಿ?” ಎಂದು ಪೊಲೀಸಿನವರಂತೆ ಕೇಳಿದ.

“ಏನೂ ಇಲ್ಲ. ಅವತ್ತು ಗಾಳಿ ಸರಿಯಾಗೇ ಇತ್ತು. ಚಿಕ್ಕಪ್ಪ ತುಂಬಿದ್ರು. ತಂಗಿಗೆ ಜ್ವರ ಅಂತ ನಾನು ಬಂದಿರಲಿಲ್ಲ.”

“ನೀವು ಬಂದಿರಲಿಲ್ಲ,” ಎನ್ನುತ್ತಾ ಅವನು ಬರೆಯತೊಡಗಿದ.

ಪೆನ್ನು ನಿಂತಿತು.

ಅವನ ಕಿವಿಗಳು ನಿಧಾನವಾಗಿ ಪೆನ್ನಿನ ಬಣ್ಣಕ್ಕೆ ತಿರುಗಿದವು. ಅವಳು ಮೊದಲ ಸಲ ಕನ್ನಡಿಯನ್ನು ಬಿಟ್ಟು ನೇರವಾಗಿ ಅವನನ್ನೇ ನೋಡಿದಳು.

“ಇದನ್ನ ಓದುಗರಿಗೆ ಹೇಗೆ ಬರೆಯೋದು?” ಎಂದ ಅವನು, ದನಿ ಇಳಿಸಿ.

“ಅವರಿಗೆ ಬರೀಬೇಡಿ. ನನಗೆ ಹೇಳಿ.”

“ಹೇಳ್ತೀನಿ. ಮುಂದೆ ಬಂದು ಕೂತ್ಕೊಳ್ಳಿ. ಹಿಂದೆ ತಿರುಗಿ ಹೇಳೋ ಮಾತಲ್ಲ ಅದು.”

ಅವಳು ಇಳಿದು, ಚಪ್ಪಲಿಯ ಮಣ್ಣು ಒರೆಸಿಕೊಂಡು, ಮುಂದಿನ ಸೀಟಿಗೆ ಬಂದಳು. ಇಬ್ಬರೂ ಗಾಜಿನಾಚೆ ನೋಡುತ್ತಾ ಕುಳಿತರು. ಗೇರಿನ ಮೇಲಿದ್ದ ಅವನ ಕೈ ಅಂಗೈ ಮೇಲಾಗಿ ತಿರುಗಿತು. ಗಾಳಿ ಪೈಪು ಹಿಡಿದು ಒರಟಾದ ಬೆರಳುಗಳು ಸದ್ದಿಲ್ಲದೆ ಅದರೊಳಗೆ ಬಂದು ಕೂತವು.

ಹಿಂದೆ ಗೇಟಿನಾಚೆ ತೊಳೆಸಲು ಬಂದ ನಾಲ್ಕು ವಾಹನಗಳು ಸಾಲುಗಟ್ಟಿದ್ದವು. ಚಿಕ್ಕಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, ಇಳಿಸಿದ್ದ ಕಿಟಕಿಯ ಪಕ್ಕ ನಿಂತ.

“ಈ ಗಾಡೀನ ಸ್ವಲ್ಪ ಮುಂದಕ್ಕೆ ತಗೊಳ್ಳಿ.”